ಕಮಾಂಡ್ ಇಲ್ಲಿಂದ, ಉತ್ತರ 37 ಗಂಟೆ ಬಿಟ್ಟು

2023ರ ಜುಲೈ 21. ನಾಸಾದ ಎಂಜಿನಿಯರ್‌ಗಳು ವಾಯೇಜರ್ 2 ನೌಕೆಗೆ ಒಂದಷ್ಟು ಕಮಾಂಡ್ ಕಳುಹಿಸಿದರು. ಮಾಮೂಲಿ ಕೆಲಸ. ಆದರೆ ಆ ಪಟ್ಟಿಯಲ್ಲಿ ಒಂದು ತಪ್ಪು ನುಸುಳಿತ್ತು. ನೌಕೆ ಹೇಳಿದ್ದನ್ನು ಹೇಳಿದ ಹಾಗೇ ಮಾಡಿತು, ಅದರ ಆಂಟೆನಾ ಭೂಮಿಯಿಂದ 2 ಡಿಗ್ರಿ ಆಚೆಗೆ ತಿರುಗಿಬಿಟ್ಟಿತು. ಮನೆ ಮೇಲಿನ ಡಿಶ್ ಗಾಳಿಗೆ ಚೂರು ಅಲುಗಾಡಿದರೂ ಟಿ.ವಿ.ಯಲ್ಲಿ ‘ನೋ ಸಿಗ್ನಲ್’ ಅಂತ ಬರುತ್ತಲ್ಲ, ಹಾಗೆ. ಆದರೆ ಇಲ್ಲಿ ಮಹಡಿ ಹತ್ತಿ ಸರಿ ಮಾಡೋಣ ಅಂದರೆ ನೌಕೆ ಆಗ ಇದ್ದದ್ದು 1,990 ಕೋಟಿ ಕಿಲೋಮೀಟರ್ ದೂರದಲ್ಲಿ. ಬೆಳಕಿನ ವೇಗದಲ್ಲಿ ಹೋದರೂ ಸಂದೇಶ ತಲುಪೋಕೆ ಹದಿನೆಂಟೂವರೆ ಗಂಟೆ ಬೇಕಿತ್ತು. ಉತ್ತರ ಬರೋಕೆ ಇನ್ನೊಂದು ಹದಿನೆಂಟೂವರೆ ಗಂಟೆ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರದ ದೊಡ್ಡ ಆಂಟೆನಾದಿಂದ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ‘ಭೂಮಿ ಕಡೆ ತಿರುಗು’ ಅಂತ ಕೂಗಿದರು. ಎಂಜಿನಿಯರ್‌ಗಳು ಅದನ್ನು ಕೂಗು ಅಂತಲೇ ಕರೆದರು. 37 ಗಂಟೆ ಕಾದ ಮೇಲೆ, ಆಗಸ್ಟ್ 4ರಂದು ನೌಕೆ ಮತ್ತೆ ಮಾತಾಡಿತು.

ಈ ಸುದ್ದಿಯಲ್ಲಿ ನನ್ನ ಗಮನ ಹೋಗಿದ್ದು ಬೇರೆ ಒಂದು ವಿವರಕ್ಕೆ. ಆ ಕೂಗು ಕೇಳಿಸದೇ ಹೋಗಿದ್ದರೂ ಅಕ್ಟೋಬರ್ 15ಕ್ಕೆ ನೌಕೆ ತಾನಾಗಿಯೇ ಆಂಟೆನಾವನ್ನು ಭೂಮಿ ಕಡೆ ತಿರುಗಿಸಿಕೊಳ್ಳುವ ಏರ್ಪಾಡು ಇತ್ತು. ವರ್ಷಕ್ಕೆ ಕೆಲವು ಸಲ, ಯಾರೂ ಹೇಳದೆ, ಅದು ತನ್ನ ದಿಕ್ಕನ್ನು ಸರಿ ಮಾಡಿಕೊಳ್ಳುತ್ತದೆ. ಅಂದರೆ ಭೂಮಿಯಲ್ಲಿರುವವರು ಎಂದೋ ಒಂದು ದಿನ ಎಡವುತ್ತಾರೆ ಅಂತ ಮೊದಲೇ ಲೆಕ್ಕ ಹಾಕಿದವರು ಇದ್ದರು.

ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್ ಆಗಿರೋದರಿಂದ ನನಗೆ ಇಂಥ ಕತೆಗಳ ಹುಚ್ಚು. ನಾವೂ ದಿನಾ ಬೇರೆ ಊರಿನ, ಬೇರೆ ದೇಶದ ಯಂತ್ರಗಳಿಗೆ ಕಮಾಂಡ್ ಕೊಡುತ್ತೇವೆ. ಬೆಂಗಳೂರಿನ ರೂಮಿನಲ್ಲಿ ಕೂತು ಮುಂಬೈಯಲ್ಲಿರುವ ಸರ್ವರ್ ರೀಸ್ಟಾರ್ಟ್ ಮಾಡುತ್ತೇವೆ. ದೂರದ ಯಂತ್ರವನ್ನು ನಡೆಸುವ ವಿದ್ಯೆ ಬೆಳೆದು ಬಂದ ದಾರಿ ನೋಡಿದರೆ, ಅದರಲ್ಲಿ ಕಷ್ಟದ ಭಾಗ ಕಮಾಂಡ್ ಕಳುಹಿಸುವುದಾಗಿರಲಿಲ್ಲ. ನಮ್ಮ ಮಾತು ತಲುಪದೇ ಹೋದಾಗ, ಇಲ್ಲವೇ ನಾವೇ ತಪ್ಪು ಮಾತು ಹೇಳಿದಾಗ ಆ ಯಂತ್ರ ಏನು ಮಾಡಬೇಕು ಅನ್ನೋದೇ ಕಷ್ಟ. ಅದನ್ನು ಕಲಿಯೋಕೆ ಕೆಲವು ನೌಕೆಗಳನ್ನೇ ಕಳೆದುಕೊಳ್ಳಬೇಕಾಯಿತು.

ಚಂದ್ರನ ಮೇಲೆ ಡ್ರೈವಿಂಗ್

ಶುರುವಿನಲ್ಲಿ ಎಲ್ಲ ಸರಳವಾಗಿತ್ತು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ತಂತಿಯಿಲ್ಲದೆ, ರೇಡಿಯೋ ಅಲೆಗಳಿಂದ ಓಡಿಸಿ ತೋರಿಸಿದ. ದೋಣಿ ಕಣ್ಣೆದುರಿಗೇ ಇತ್ತು. ಗುಂಡಿ ಒತ್ತಿದರೆ ತಿರುಗುತ್ತೆ, ತಿರುಗಿದ್ದು ಕಾಣುತ್ತೆ. ಮಕ್ಕಳ ರಿಮೋಟ್ ಕಾರು ಇವತ್ತಿಗೂ ಅದೇ ವಿನ್ಯಾಸ.

ಕಣ್ಣಿಗೆ ಕಾಣದ ಕಡೆ ಇದೇ ವಿನ್ಯಾಸವನ್ನು ಹಾಕಿದರೆ ಏನಾಗುತ್ತೆ? 1970ರ ನವೆಂಬರ್ 17ರಂದು ಸೋವಿಯತ್ ಒಕ್ಕೂಟದ ಲೂನಾಖೋದ್ 1 ಚಂದ್ರನ ಮೇಲೆ ಇಳಿಯಿತು. ಭೂಮಿಯಿಂದ ಓಡಿಸಿದ, ಬೇರೆ ನೆಲದ ಮೇಲಿನ ಮೊದಲ ಗಾಡಿ ಅದು. ಕ್ರೈಮಿಯಾದ ಸಿಂಫೆರೋಪೋಲ್ ಹತ್ತಿರದ ಕೇಂದ್ರದಲ್ಲಿ ಕೂತು ಐದು ಜನರ ತಂಡ ಅದನ್ನು ಓಡಿಸುತ್ತಿತ್ತು: ಕಮಾಂಡರ್, ಡ್ರೈವರ್, ದಾರಿ ನೋಡುವವನು, ಎಂಜಿನಿಯರ್, ಆಂಟೆನಾ ನೋಡಿಕೊಳ್ಳುವವನು. ಡ್ರೈವರ್ ಕೈಯಲ್ಲಿ ಸನ್ನೆಕೋಲು, ಎದುರಿಗೆ ಟಿ.ವಿ. ಪರದೆ.

ಆದರೆ ಆ ಪರದೆ ಮೇಲೆ ಬರುತ್ತಿದ್ದದ್ದು ವಿಡಿಯೋ ಅಲ್ಲ, ಕೆಲವು ಸೆಕೆಂಡಿಗೊಂದು, ಕೆಲವೊಮ್ಮೆ ಇಪ್ಪತ್ತು ಸೆಕೆಂಡಿಗೊಂದು ಸ್ಥಿರಚಿತ್ರ. ಜೊತೆಗೆ ಸಿಗ್ನಲ್ ಹೋಗಿ ಬರೋಕೆ ಸುಮಾರು ಎರಡೂವರೆ ಸೆಕೆಂಡ್. ಡ್ರೈವರ್ ನೋಡುತ್ತಿದ್ದದ್ದು ಗಾಡಿ ಇರುವ ಜಾಗವನ್ನಲ್ಲ, ಸ್ವಲ್ಪ ಹೊತ್ತಿನ ಹಿಂದೆ ಇದ್ದ ಜಾಗವನ್ನು. ಕಣ್ಣು ಮುಚ್ಚಿ ಎರಡೂವರೆ ಸೆಕೆಂಡ್ ಬೈಕ್ ಓಡಿಸೋದನ್ನು ಊಹಿಸಿಕೊಳ್ಳಿ. ಸಿಲ್ಕ್ ಬೋರ್ಡ್ ಜಂಕ್ಷನ್ ಬೇಡ, ಖಾಲಿ ಮೈದಾನದಲ್ಲೇ ಸಾಕು.

ಹಾಗಿದ್ದೂ ಲೂನಾಖೋದ್ 1 ಹತ್ತು ತಿಂಗಳಲ್ಲಿ ಹತ್ತೂವರೆ ಕಿಲೋಮೀಟರ್ ಓಡಿತು. 1973ರ ಜನವರಿಯಲ್ಲಿ ಇಳಿದ ಲೂನಾಖೋದ್ 2 ಅಂತೂ ನಾಲ್ಕೇ ತಿಂಗಳಲ್ಲಿ 39 ಕಿಲೋಮೀಟರ್ ಓಡಿತು. ಭೂಮಿಯಾಚೆಯ ಆ ದಾಖಲೆಯನ್ನು 2014ರವರೆಗೂ ಯಾರೂ ಮುರಿಯಲಿಲ್ಲ. ನಿಜಕ್ಕೂ ಅಸಾಧ್ಯ ಡ್ರೈವರ್‌ಗಳು. ಕೊನೆಗೆ ಅದು ಕೆಟ್ಟಿದ್ದು ಹೇಗೆ ಗೊತ್ತಾ? ಒಂದು ಕುಳಿಯೊಳಗೆ ಇಳಿದಾಗ ತೆರೆದಿದ್ದ ಮುಚ್ಚಳ ಕುಳಿಯ ಗೋಡೆಗೆ ತಾಗಿ ಮಣ್ಣು ತುಂಬಿಕೊಂಡಿತು. ಆಮೇಲೆ ಆ ಮಣ್ಣು ಶಾಖ ಹೊರಹಾಕುವ ಭಾಗದ ಮೇಲೆ ಬಿದ್ದು ಗಾಡಿ ಒಳಗೊಳಗೇ ಕಾದುಹೋಯಿತು. ಹಿಂದೆ ಏನು ತಾಗುತ್ತಿದೆ ಅಂತ ಡ್ರೈವರ್‌ಗೆ ಕಾಣುತ್ತಿರಲಿಲ್ಲ. ಗಾಡಿಗೂ ಅದನ್ನು ತಿಳಿಯುವ ಬುದ್ಧಿ ಇರಲಿಲ್ಲ.

ಇಂಥ ವಿಳಂಬ ಇದ್ದಾಗ ಮನುಷ್ಯರು ಹೇಗೆ ವರ್ತಿಸುತ್ತಾರೆ ಅಂತ 1960ರ ದಶಕದಲ್ಲೇ ಅಮೆರಿಕದ ಎಂಐಟಿಯಲ್ಲಿ ವಿಲಿಯಂ ಫೆರೆಲ್ ಮತ್ತು ಥಾಮಸ್ ಶೆರಿಡನ್ ಅಧ್ಯಯನ ಮಾಡಿದ್ದರು. ಯಾರೂ ಹೇಳಿಕೊಡದಿದ್ದರೂ ಜನ ಒಂದು ಚೂರು ಅಲುಗಾಡಿಸಿ, ಕಾದು, ನೋಡಿ, ಇನ್ನೊಂದು ಚೂರು ಅಲುಗಾಡಿಸುತ್ತಿದ್ದರು. ಕೆಲಸ ಆಗುತ್ತಿತ್ತು, ಆದರೆ ವಿಳಂಬ ಹೆಚ್ಚಿದಷ್ಟೂ ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಅವರು ಹೇಳಿದ್ದು: ಪ್ರತಿ ಹೆಜ್ಜೆಯನ್ನೂ ದೂರದಿಂದ ಹೇಳಬೇಡಿ. ಮನುಷ್ಯ ಮೇಸ್ತ್ರಿ ಆಗಲಿ, ಗುರಿ ಹೇಳಲಿ. ಹೆಜ್ಜೆಗಳನ್ನು ಅಲ್ಲಿರುವ ಯಂತ್ರವೇ ನೋಡಿಕೊಳ್ಳಲಿ.

ಒಂದು ವಾರ ಮಾತಾಡದಿದ್ದರೆ

ಮತ್ತೆ ವಾಯೇಜರ್ 2ಕ್ಕೆ ಬರೋಣ, ಈ ಸಲ 1978ರ ಏಪ್ರಿಲ್‌ಗೆ. ನೌಕೆಯೊಳಗೆ ಒಂದು ಗಡಿಯಾರ ಇದೆ. ಭೂಮಿಯಿಂದ ಕಮಾಂಡ್ ಬಂದಾಗಲೆಲ್ಲ ಅದು ಸೊನ್ನೆಗೆ ಮರಳುತ್ತದೆ. ಆಗ ಒಂದು ವಾರ ಯಾವ ಕಮಾಂಡೂ ಬರದಿದ್ದರೆ ನೌಕೆ ‘ಬಹುಶಃ ನನ್ನ ರಿಸೀವರ್ ಕೆಟ್ಟಿದೆ’ ಅಂದುಕೊಂಡು ಇನ್ನೊಂದು ರಿಸೀವರ್‌ಗೆ ಬದಲಾಯಿಸಿಕೊಳ್ಳುವ ಹಾಗೆ ಮಾಡಿದ್ದರು. ಆ ವಾರ ತಂಡದ ಗಮನವೆಲ್ಲ ವಾಯೇಜರ್ 1ರ ತೊಂದರೆ ಮೇಲಿತ್ತು, ವಾಯೇಜರ್ 2ಕ್ಕೆ ಕಮಾಂಡ್ ಕಳುಹಿಸೋದು ಮರೆತೇ ಹೋಯಿತು. ನೌಕೆ ಶಿಸ್ತಾಗಿ ಎರಡನೇ ರಿಸೀವರ್‌ಗೆ ಬದಲಾಯಿತು. ಅದರಲ್ಲೋ, ಭೂಮಿಯ ಸಿಗ್ನಲ್‌ನ ಏರಿಳಿತವನ್ನು ಹಿಂಬಾಲಿಸುವ ಭಾಗವೇ ಕೆಟ್ಟಿತ್ತು. ಹೊತ್ತು ಕಳೆದ ಮೇಲೆ ನೌಕೆ ಮೊದಲನೆಯದಕ್ಕೆ ವಾಪಸಾದಾಗ ಅದೂ ಸುಮಾರು ಅರ್ಧ ಗಂಟೆಯಲ್ಲಿ ಶಾಶ್ವತವಾಗಿ ಸತ್ತುಹೋಯಿತು.

ಇನ್ನೊಂದು ವಾರ ಎಲ್ಲರೂ ಕೈಕಟ್ಟಿ ಕೂರಬೇಕಾಯಿತು. ಗಡಿಯಾರ ಮತ್ತೆ ಮುಗಿದು, ನೌಕೆ ಅರ್ಧ ಕೆಟ್ಟ ರಿಸೀವರ್‌ಗೆ ತಾನಾಗೇ ಬಂದ ಮೇಲಷ್ಟೇ ಮಾತು ಸಾಧ್ಯ. ಅಂದಿನಿಂದ ಇಂದಿನವರೆಗೂ ವಾಯೇಜರ್ 2ಕ್ಕೆ ಮಾತಾಡಬೇಕಾದರೆ, ಈ ಕ್ಷಣ ಅದರ ಕಿವಿ ಯಾವ ಕಂಪನಾಂಕಕ್ಕೆ ತೆರೆದಿರುತ್ತೆ ಅಂತ ಭೂಮಿಯಲ್ಲೇ ಲೆಕ್ಕ ಹಾಕಿ, ಕರಾರುವಾಕ್ಕಾಗಿ ಅಲ್ಲಿಗೇ ಸಿಗ್ನಲ್ ಕಳುಹಿಸಬೇಕು. ನೌಕೆಯೊಳಗೆ ಸ್ವಲ್ಪ ಬಿಸಿ ಏರಿಳಿದರೂ ಆ ಲೆಕ್ಕ ತಪ್ಪುತ್ತೆ. ಯುರೇನಸ್, ನೆಪ್ಚೂನ್ ಚಿತ್ರಗಳೆಲ್ಲ ನಮಗೆ ಸಿಕ್ಕಿದ್ದು ಈ ಒಂದು ಮಂದ ಕಿವಿಯನ್ನು ನಂಬಿಕೊಂಡು.

ಇಲ್ಲಿಂದ ಮುಂದಿನ ವಿನ್ಯಾಸಗಳಲ್ಲೆಲ್ಲ ಮೌನಕ್ಕೂ ಒಂದು ಅರ್ಥ ಬಂತು ಅನ್ನಬಹುದು. ಇವತ್ತಿನ ನೌಕೆಗಳಲ್ಲಿ ‘ಸೇಫ್ ಮೋಡ್’ ಅನ್ನೋದು ಇದ್ದೇ ಇರುತ್ತದೆ. ಏನೋ ಎಡವಟ್ಟು ಅನ್ನಿಸಿದ ಕೂಡಲೇ ಸೌರಫಲಕ ಸೂರ್ಯನ ಕಡೆ, ಆಂಟೆನಾ ಭೂಮಿ ಕಡೆ, ಬೇಡದ್ದೆಲ್ಲ ಆಫ್. ಆಮೇಲೆ ಸುಮ್ಮನೆ ಕಾಯುವುದು. ಜಾತ್ರೆಯಲ್ಲಿ ಕೈ ತಪ್ಪಿದರೆ ಎಲ್ಲೂ ಓಡಬೇಡ, ದೇವಸ್ಥಾನದ ಬಾಗಿಲ ಹತ್ತಿರ ನಿಂತಿರು ಅಂತ ಮಕ್ಕಳಿಗೆ ಹೇಳ್ತೀವಲ್ಲ, ಅದೇ.

ಒಂದು ಅಕ್ಷರದ ಬೆಲೆ

ಮೌನದಿಂದ ಬದುಕುಳಿಯೋದು ಒಂದು ಕಡೆ. ತಪ್ಪು ಮಾತಿನಿಂದ ಬದುಕುಳಿಯೋದು ಇನ್ನೂ ಕಷ್ಟ.

ಮಂಗಳನ ಮೇಲೆ 1976ರಲ್ಲಿ ಇಳಿದ ವೈಕಿಂಗ್ 1 ಲ್ಯಾಂಡರ್ ಆರು ವರ್ಷ ಚೆನ್ನಾಗಿ ಕೆಲಸ ಮಾಡಿತ್ತು. ಬ್ಯಾಟರಿ ಸೊರಗುತ್ತಿದೆ ಅಂತ 1982ರ ನವೆಂಬರ್‌ನಲ್ಲಿ ಚಾರ್ಜಿಂಗ್‌ಗೆ ಸಂಬಂಧಪಟ್ಟ ಹೊಸ ಸಾಫ್ಟ್‌ವೇರ್ ಕಳುಹಿಸಿದರು. ಅದು ಹೋಗಿ ಕೂತಿದ್ದು ಆಂಟೆನಾ ಎತ್ತ ತಿರುಗಬೇಕು ಎಂಬ ಮಾಹಿತಿ ಇದ್ದ ಜಾಗದ ಮೇಲೆ. ಆಂಟೆನಾ ಭೂಮಿಯನ್ನು ಮರೆಯಿತು. ಮುಂದಿನ ನಾಲ್ಕು ತಿಂಗಳು ಕರೆದರೂ ಉತ್ತರವಿಲ್ಲ. ಯಂತ್ರ ಆಗಿನ್ನೂ ಬದುಕಿದ್ದಿರಬಹುದು, ನಮಗೆ ಕೇಳಿಸದೇ ಹೋಯಿತು ಅಷ್ಟೆ.

1988ರ ಸೋವಿಯತ್ ನೌಕೆ ಫೋಬೋಸ್ 1ರದ್ದು ಇನ್ನೂ ಹೊಟ್ಟೆ ಉರಿಸುವ ಕತೆ. ಮಂಗಳದ ದಾರಿಯಲ್ಲಿದ್ದಾಗ ಕಳುಹಿಸಿದ ಒಂದು ಕಮಾಂಡ್‌ನಲ್ಲಿ ಒಂದೇ ಒಂದು ಅಕ್ಷರದ ತಪ್ಪು. ಕಮಾಂಡ್‌ಗಳನ್ನು ಮೊದಲು ಒಂದು ಕಂಪ್ಯೂಟರ್ ಪರೀಕ್ಷಿಸಬೇಕಿತ್ತು, ಆ ದಿನ ಅದು ಕೆಟ್ಟಿತ್ತು. ರಿಪೇರಿಗೆ ಕಾಯದೆ ಕಳುಹಿಸಿಬಿಟ್ಟರು. ಉಡಾವಣೆಗೆ ಮುಂಚೆ ಭೂಮಿಯ ಮೇಲೆ ಪರೀಕ್ಷೆಗೆಂದು ಬರೆದಿದ್ದ ಒಂದು ಪ್ರೋಗ್ರಾಂ ನೌಕೆಯೊಳಗೇ ಉಳಿದಿತ್ತು. ಆ ತಪ್ಪು ಅಕ್ಷರ ಅದನ್ನು ಎಬ್ಬಿಸಿತು. ನೌಕೆಯನ್ನು ನೇರವಾಗಿ ನಿಲ್ಲಿಸುವ ವ್ಯವಸ್ಥೆ ಬಂದ್ ಆಯಿತು, ಸೌರಫಲಕ ಸೂರ್ಯನಿಂದ ತಿರುಗಿತು, ಬ್ಯಾಟರಿ ಖಾಲಿ. ಸೆಪ್ಟೆಂಬರ್ 2ಕ್ಕೆ ಕರೆದಾಗ ಓಗೊಡಲು ಅಲ್ಲಿ ಯಾರೂ ಇರಲಿಲ್ಲ. ಟೆಸ್ಟ್ ಕೋಡ್ ತೆಗೆಯದೆ ಪ್ರೊಡಕ್ಷನ್‌ಗೆ ಹಾಕೋದು, ರಿವ್ಯೂ ಇಲ್ಲದೆ ಡಿಪ್ಲಾಯ್ ಮಾಡೋದು... ಸಾಫ್ಟ್‌ವೇರ್‌ನವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ ಬಿಡಿ.

ಹಾಗಾಗಿಯೇ ಈಗ ಅಪಾಯದ ಕಮಾಂಡ್‌ಗಳನ್ನು ಎರಡು ಹಂತದಲ್ಲಿ ಕೊಡುತ್ತಾರೆ. ಮೊದಲು ‘ಸಿದ್ಧವಾಗು’, ಅದು ಸಿದ್ಧವಾಗಿದ್ದು ಖಚಿತವಾದ ಮೇಲೆ ‘ಮಾಡು’. ಬರೀ ‘ಮಾಡು’ ಅಂದರೆ ನೌಕೆ ತಿರಸ್ಕರಿಸುತ್ತದೆ. ಉತ್ತರದಲ್ಲೂ ಬಗೆಗಳಿವೆ. ಕಮಾಂಡ್ ತಲುಪಿತು ಅನ್ನೋದು ಬೇರೆ, ಒಪ್ಪಿಕೊಂಡೆ ಅನ್ನೋದು ಬೇರೆ, ಕೆಲಸ ಮುಗಿಯಿತು ಅನ್ನೋದು ಬೇರೆಯೇ.

ಈ ಕೊನೆಯ ವ್ಯತ್ಯಾಸವನ್ನು ನನಗೆ ಅರ್ಥ ಮಾಡಿಸಿದ್ದು ಯಾವ ಪುಸ್ತಕವೂ ಅಲ್ಲ, ತಿಪಟೂರು ಕಡೆ ತೆಂಗಿನ ತೋಟ ಮಾಡಿಕೊಂಡಿರುವ ನಮ್ಮ ಚಿಕ್ಕಪ್ಪ. ತ್ರೀಫೇಸ್ ಕರೆಂಟ್ ರಾತ್ರಿ ಯಾವಾಗಲೋ ಬರುತ್ತೆ, ಆ ಕತ್ತಲಲ್ಲಿ ಹಾವು ಹುಪ್ಪಟೆ ತುಳಿದುಕೊಂಡು ಹೋಗಿ ಮೋಟರ್ ಹಾಕಬೇಕು. ಅದಕ್ಕೇ ಬೋರ್‌ವೆಲ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದರು. ಡಬ್ಬದೊಳಗೆ ಒಂದು ಸಿಮ್. ಮನೆಯಿಂದ ಕರೆ ಮಾಡಿದರೆ ಮೋಟರ್ ಆನ್, ಮೆಸೇಜ್ ವಾಪಸ್. ಒಂದು ಬೇಸಿಗೆ, ಮೆಸೇಜ್ ನಂಬಿ ಹದಿನೈದು ದಿನ ನೆಮ್ಮದಿಯಾಗಿದ್ದರು. ನೋಡಿದರೆ ಎಳೆ ಸಸಿಗಳೆಲ್ಲ ಬಾಡಿ ನಿಂತಿವೆ.

“ಮೋಟ್ರು ಆನ್ ಆಗಿದೆ ಅಂತ ಮೆಸೇಜ್ ಬರುತ್ತೆ ಕಣೋ, ನೀರು ಬಂತಾ ಅಂತ ಯಾರು ಹೇಳ್ತಾರೆ?” ಅಂದರು ಫೋನಿನಲ್ಲಿ.

ಆ ಡಬ್ಬ ಹೇಳುತ್ತಿದ್ದದ್ದು ತನ್ನೊಳಗಿನ ಸ್ವಿಚ್ ಕೂತಿದೆ ಅಂತ ಮಾತ್ರ. ಆಮೇಲೆ ಹಾಕಿಸಿದ್ದು ಮೋಟರ್ ಎಷ್ಟು ಕರೆಂಟ್ ಎಳೀತಿದೆ ಅಂತ ನೋಡುತ್ತೆ. ನೀರಿಲ್ಲದೆ ಒಣಗಿ ಓಡುತ್ತಿದ್ದರೆ ತಾನೇ ನಿಲ್ಲಿಸಿ ತಿಳಿಸುತ್ತೆ. ಯಾರ ಅಪ್ಪಣೆಗೂ ಕಾಯಲ್ಲ. ಮೋಟರ್ ಸುಟ್ಟರೆ ರಿವೈಂಡಿಂಗ್‌ಗೆ ಆಗುವ ಖರ್ಚು ಗೊತ್ತಿರುವವರಿಗೆ ಇದರ ಬೆಲೆ ಗೊತ್ತು.

ಪೀಣ್ಯದಿಂದ ಮಂಗಳಕ್ಕೆ

ಬೆಂಗಳೂರಿನ ಪೀಣ್ಯಕ್ಕೂ ಈ ಕತೆಗೂ ಹಳೇ ನಂಟು. ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಅಲ್ಲಿನ ಶೆಡ್‌ಗಳಲ್ಲಿ. ಅದು 1975ರ ಏಪ್ರಿಲ್ 19ರಂದು ಹಾರಿತು. ಇವತ್ತು ಇಸ್ರೋದ ನೌಕೆಗಳಿಗೆ ಕಮಾಂಡ್ ಕೊಡುವ ಇಸ್ಟ್ರ್ಯಾಕ್ ಕೇಂದ್ರ ಇರುವುದೂ ಪೀಣ್ಯದಲ್ಲೇ. ಬಹಳ ದೂರದ ನೌಕೆಗಳ ಜೊತೆ ಮಾತಾಡುವ 32 ಮೀಟರ್ ಅಗಲದ ಆಂಟೆನಾ ನಗರದ ಹೊರಗೆ ಬ್ಯಾಲಾಳುವಿನಲ್ಲಿದೆ. ಸಂವಹನ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಹಾಸನದಲ್ಲಿ.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನೆನಪಿದೆಯಾ? ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನ. ಟಿ.ವಿ. ನೋಡುತ್ತಿದ್ದವರಿಗೆ, ಇಸ್ಟ್ರ್ಯಾಕ್‌ನಲ್ಲಿ ಕೂತವರು ಆಗ ನೌಕೆಯನ್ನು ನಡೆಸುತ್ತಿದ್ದಾರೆ ಅನ್ನಿಸಿತ್ತು. ನಿಜದಲ್ಲಿ ಅವರೂ ನಮ್ಮ ಹಾಗೇ ನೋಡುತ್ತಿದ್ದರು. ಆ ದಿನದ ಕಮಾಂಡ್‌ಗಳನ್ನೆಲ್ಲ ಹತ್ತು ದಿನ ಮುಂಚೆಯೇ, ಯಾವುದು ಯಾವ ಕ್ಷಣಕ್ಕೆ ಅಂತ ಸಮಯ ನಮೂದಿಸಿ ನೌಕೆಗೆ ತುಂಬಿದ್ದರು. ಸಿಗ್ನಲ್ ಒಂದು ಕಡೆ ಹೋಗೋಕೇ ಸುಮಾರು 12 ನಿಮಿಷ. ಎಂಜಿನ್ 24 ನಿಮಿಷ ಉರಿಯಬೇಕು, ಅದರ ಬಹುಪಾಲು ಹೊತ್ತು ನೌಕೆ ಮಂಗಳನ ಹಿಂದೆ ಮರೆಯಾಗಿರುತ್ತದೆ. ಮೇಲಾಗಿ ಆ ದೊಡ್ಡ ಎಂಜಿನ್ ಸುಮಾರು 300 ದಿನ ಮಲಗಿತ್ತು. ಏಳುತ್ತದಾ ಅಂತ ನೋಡಲು ಎರಡು ದಿನ ಮುಂಚೆ ನಾಲ್ಕು ಸೆಕೆಂಡ್ ಉರಿಸಿ ನೋಡಿದ್ದರು. ಏಳದಿದ್ದರೆ ಎಂಟು ಸಣ್ಣ ಎಂಜಿನ್‌ಗಳಿಂದಲೇ ಹೇಗೋ ನಿಭಾಯಿಸುವ ಇನ್ನೊಂದು ಯೋಜನೆಯೂ ಇತ್ತು.

ಚಂದ್ರ ಮಂಗಳನಷ್ಟು ದೂರ ಇಲ್ಲ. ಅದೇ ಎರಡೂವರೆ ಸೆಕೆಂಡ್. ಹಾಗಾದರೆ ಲೂನಾಖೋದ್ ಓಡಿಸಿದ ಹಾಗೆ ವಿಕ್ರಮ್ ಲ್ಯಾಂಡರನ್ನೂ ಇಲ್ಲಿಂದಲೇ ಇಳಿಸಬಹುದಿತ್ತಲ್ಲ? ಗಾಡಿಯನ್ನು ನಿಲ್ಲಿಸಿ ಕಾಯಬಹುದು, ಬೀಳುತ್ತಿರುವ ಲ್ಯಾಂಡರನ್ನು ನಿಲ್ಲಿಸೋಕಾಗಲ್ಲ. ಇಳಿಯಲು ಶುರು ಮಾಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 1.68 ಕಿಲೋಮೀಟರ್. ನಾವು ನೋಡಿ ಹೇಳುವಷ್ಟರಲ್ಲಿ ಅದು ನಾಲ್ಕು ಕಿಲೋಮೀಟರ್ ಆಚೆ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ 2ರ ಲ್ಯಾಂಡರ್ ತಾನಾಗಿಯೇ ಇಳಿಯುತ್ತಿದ್ದಾಗ ಕೆಟ್ಟಿದ್ದು ಯಾವುದೋ ಒಂದು ಭಾಗವಲ್ಲ. ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ವಿವರಿಸಿದ ಪ್ರಕಾರ, ಎಂಜಿನ್‌ಗಳು ಲೆಕ್ಕಕ್ಕಿಂತ ಹೆಚ್ಚು ಒತ್ತಡ ಕೊಟ್ಟವು. ಫೋಟೋ ತೆಗೆಯಲು ಅಲುಗಾಡದೆ ಇರಬೇಕಾದ ಹೊತ್ತಿನಲ್ಲಿ ಆ ವ್ಯತ್ಯಾಸ ಸೇರುತ್ತಾ ಹೋಯಿತು. ಆಮೇಲೆ ಸರಿ ಮಾಡಿಕೊಳ್ಳಲು ಲ್ಯಾಂಡರ್ ಬೇಗ ಬೇಗ ತಿರುಗಬೇಕಾಯಿತು, ಆದರೆ ಇಷ್ಟಕ್ಕಿಂತ ಬೇಗ ತಿರುಗಬೇಡ ಅಂತ ಸಾಫ್ಟ್‌ವೇರ್ ಅದರ ಕೈ ಕಟ್ಟಿತ್ತು. ಇಳಿಯುವ ಜಾಗವೋ, ಬರೀ 500 ಮೀಟರ್ ಉದ್ದಗಲ. ವೇಗ ಕಡಿಮೆ ಮಾಡಬೇಕಾದ ಲ್ಯಾಂಡರ್ ಆ ಚೌಕ ಮುಟ್ಟಲೆಂದು ಮುಂದೆ ಹೋಗಲು ನೋಡುತ್ತಿತ್ತು. ನನ್ನ ಪ್ರಕಾರ ಇಡೀ ಕತೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಜವಾಬ್ದಾರಿ ಯಂತ್ರಕ್ಕೆ ಕೊಟ್ಟೆವು, ಜೊತೆಗೆ ಬೇಕಾದಷ್ಟು ಸ್ವಾತಂತ್ರ್ಯ ಕೊಡಲಿಲ್ಲ.

ಚಂದ್ರಯಾನ 3ರಲ್ಲಿ ಅದನ್ನು ಕೊಟ್ಟರು. ಜಾಗ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. ಇಂಧನ ಹೆಚ್ಚಿತು, ಕಾಲು ಗಟ್ಟಿಯಾಯಿತು, ವೇಗ ಅಳೆಯಲು ಹೊಸ ಲೇಸರ್ ಉಪಕರಣ ಬಂತು. ಏನೇನು ಕೆಡಬಹುದು ಅಂತ ಪಟ್ಟಿ ಮಾಡಿ, ಕೆಟ್ಟರೂ ಇಳಿಯುವ ಹಾಗೆ ವಿನ್ಯಾಸ ಮಾಡಿದರು. 2023ರ ಆಗಸ್ಟ್ 23ರ ಸಂಜೆ ಸುಮಾರು 5.44ಕ್ಕೆ ತಾನಾಗಿ ಇಳಿಯುವ ಸರಣಿ ಶುರುವಾಯಿತು. ಅಲ್ಲಿಂದ 6.04ರವರೆಗೆ ಪೀಣ್ಯದ ಆ ಕೋಣೆಯಲ್ಲಿದ್ದವರ ಕೆಲಸ ಪ್ರತಿ ಹಂತ ಆಯಿತಾ ಅಂತ ಖಚಿತಪಡಿಸಿಕೊಳ್ಳೋದು. ಸ್ಟಿಯರಿಂಗ್ ಪೂರ್ತಿ ವಿಕ್ರಮ್ ಕೈಯಲ್ಲಿ.

ಇಳಿದ ಮೇಲೆ ಮಾತ್ರ ಹಳೇ ವಿದ್ಯೆಯೇ ಉಪಯೋಗಕ್ಕೆ ಬಂತು. ಪ್ರಜ್ಞಾನ್ ರೋವರ್ ನಿಂತು ಫೋಟೋ ಕಳುಹಿಸುತ್ತಿತ್ತು, ಇಲ್ಲಿ ನೋಡಿ ದಾರಿ ಹಾಕಿ ಕೊಡುತ್ತಿದ್ದರು. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಬಂದ ದಾರಿಯಲ್ಲೇ ವಾಪಸ್ ಬಾ ಅಂದರು, ಬಂತು. ಅವಸರ ಇಲ್ಲದ ಕಡೆ ಕಾದು ಹೇಳೋದೇ ವಾಸಿ. ಸೆಪ್ಟೆಂಬರ್ 3ರಂದು ವಿಕ್ರಮ್‌ಗೆ ಒಂದು ಸಣ್ಣ ನೆಗೆತದ ಕಮಾಂಡ್ ಕೊಟ್ಟರು. ಎಂಜಿನ್ ಉರಿಸಿ ಸುಮಾರು 40 ಸೆಂಟಿಮೀಟರ್ ಮೇಲೆದ್ದು ಪಕ್ಕದಲ್ಲೇ ಕೂತಿತು. ಮುಂದೊಂದು ದಿನ ಅಲ್ಲಿಂದ ಹೊರಟು ವಾಪಸ್ ಬರಬೇಕಲ್ಲ, ಅದರ ತಾಲೀಮು.

ಅದರ ಹಿಂದಿನ ದಿನವೇ ಪ್ರಜ್ಞಾನನ್ನು ಮಲಗಿಸಿದ್ದರು. ಚಂದ್ರನ ರಾತ್ರಿ ನಮ್ಮ ಎರಡು ವಾರ, ಕಡು ಚಳಿ. ಅದನ್ನು ದಾಟುವಂತೆ ಈ ಯಂತ್ರಗಳನ್ನು ಮಾಡಿರಲಿಲ್ಲ. ಆದರೂ ಬ್ಯಾಟರಿ ಪೂರ್ತಿ ತುಂಬಿಸಿ, ಸೌರಫಲಕವನ್ನು ಮುಂದಿನ ಸೂರ್ಯೋದಯದ ದಿಕ್ಕಿಗೆ ತಿರುಗಿಸಿ, ರಿಸೀವರ್ ಒಂದನ್ನು ಆನ್ ಇಟ್ಟು ಮಲಗಿಸಿದರು. ಸೆಪ್ಟೆಂಬರ್ 22ಕ್ಕೆ ಅಲ್ಲಿ ಬೆಳಗಾದಾಗ ಇಲ್ಲಿಂದ ಕರೆದರು. ಉತ್ತರ ಬರಲಿಲ್ಲ. ಇನ್ನೂ ಕೆಲವು ದಿನ ಕರೆಯುತ್ತಲೇ ಇದ್ದರು.